ಒಂದು ಮಗುವಿಗಾಗಿ ಓಬೆರಾನ್ ಮಾಡಿದ್ದು: ಕಿನ್ನರರ ರಾಜನ ಪ್ರಕರಣ

ಜಗಳ ಶುರುವಾಗಿದ್ದು ಒಂದು ಮಗುವಿನಿಂದ. ತಾಯಿಯಿಲ್ಲದ, ಭಾರತದ ಹುಡುಗ. ಸಾಕುತ್ತಿರುವವಳು ಕಿನ್ನರರ ರಾಣಿ ಟೈಟಾನಿಯಾ. ನನಗೆ ಕೊಡು ಎಂದು ಪಟ್ಟು ಹಿಡಿದವನು ಅವಳ ಗಂಡ, ಕಿನ್ನರರ ರಾಜ ಓಬೆರಾನ್. ಅವಳು ಕೊಡುವುದಿಲ್ಲ ಎಂದಳು. ಅವನು ಬಿಡಲಿಲ್ಲ. ಬೆಳಗಾಗುವುದರೊಳಗೆ ಮಗು ಅವನ ಪಾಲಾಗಿತ್ತು. ಅದು ಹೇಗೆ ಅವನ ಪಾಲಾಯಿತು ಅನ್ನೋದೇ ಈ ಪ್ರಕರಣ.

ಶೇಕ್ಸ್‌ಪಿಯರ್‌ನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ಎಂದರೆ ನಮಗೆ ಮೊದಲು ನೆನಪಾಗುವುದು ಕತ್ತೆತಲೆಯ ನೇಕಾರ ಬಾಟಮ್, ಕಾಡಿನಲ್ಲಿ ದಾರಿ ತಪ್ಪಿದ ನಾಲ್ವರು ಪ್ರೇಮಿಗಳು, ಓಬೆರಾನ್‌ನ ತುಂಟ ಸೇವಕ ಪಕ್. ಇವರ ಗದ್ದಲದಲ್ಲಿ ಓಬೆರಾನ್ ಹಿಂದೆ ಸರಿದುಬಿಡುತ್ತಾನೆ. ಆದರೆ ಆ ರಾತ್ರಿ ಕಾಡಿನಲ್ಲಿ ನಡೆಯುವ ಮುಖ್ಯ ಘಟನೆಗಳೆಲ್ಲ ಅವನ ಒಂದು ನಿರ್ಧಾರದಿಂದ ಹುಟ್ಟಿದವು. ಅವನನ್ನು ಹೆಂಡತಿಯನ್ನು ಗೋಳು ಹೊಯ್ದುಕೊಂಡ ಗಂಡ ಅನ್ನುವವರಿದ್ದಾರೆ. ಎಲ್ಲರ ಬಾಳು ಸರಿಮಾಡಿದ ದಯಾಳು ದೊರೆ ಅನ್ನುವವರೂ ಇದ್ದಾರೆ. ಎರಡಕ್ಕೂ ನಾಟಕದಲ್ಲಿ ಆಧಾರವಿದೆ. ನನಗೆ ಕಾಣುವುದು ಇಷ್ಟು: ಅವನ ಗುಣ, ಅವನ ದೋಷ ಎರಡಕ್ಕೂ ಬೇರು ಒಂದೇ. ಅವನು ಮರೆಯಲ್ಲಿ ನಿಂತು ಇತರರನ್ನು ಗಮನಿಸುತ್ತಾನೆ, ಅವರಿಗೆ ಏನು ಆಗಬೇಕು ಅಂತ ತಾನೇ ತೀರ್ಮಾನಿಸುತ್ತಾನೆ, ಅವರನ್ನು ಕೇಳದೆಯೇ ಅದನ್ನು ಮಾಡಿ ಮುಗಿಸುತ್ತಾನೆ. ಈ ಅಭ್ಯಾಸ ಆ ಪ್ರೇಮಿಗಳಲ್ಲಿ ಒಬ್ಬಳಾದ ಹೆಲೆನಾಳ ಪಾಲಿಗೆ ವರವಾಯಿತು. ಟೈಟಾನಿಯಾಳ ಪಾಲಿಗೆ ಶಿಕ್ಷೆಯಾಯಿತು.

ಓಬೆರಾನ್ ಎಲ್ಲಿಂದ ಬಂದ

ನಾಟಕ ಬರೆದದ್ದು ಸುಮಾರು 1595-96ರಲ್ಲಿ ಎನ್ನುತ್ತಾರೆ. ಅಚ್ಚಾಗಿದ್ದು 1600ರಲ್ಲಿ. ಓಬೆರಾನ್ ಎಂಬ ಹೆಸರು ಅದಕ್ಕೂ ಹಳೆಯದು. ಹ್ಯುವಾನ್ ಎಂಬ ವೀರನ ಬಗ್ಗೆ ಹದಿಮೂರನೇ ಶತಮಾನದ ಫ್ರೆಂಚ್ ಕಾವ್ಯವೊಂದಿದೆ. ಹದಿನಾರನೇ ಶತಮಾನದಲ್ಲಿ ಲಾರ್ಡ್ ಬರ್ನರ್ಸ್ ಅದರ ಕಥೆಯನ್ನು ಇಂಗ್ಲಿಷಿಗೆ ತಂದ. ಅದರಲ್ಲಿನ ಓಬೆರಾನ್ ಮೂರಡಿಯ ಕುಳ್ಳ, ಮುಖ ಮಾತ್ರ ಬಹಳ ಚೆಲುವು. ದಾರಿಹೋಕರು ತನ್ನೊಡನೆ ಮಾತಾಡದೆ ಹೋದರೆ ಸಿಟ್ಟಿಗೆದ್ದು ಬಿರುಗಾಳಿ ಎಬ್ಬಿಸುತ್ತಾನೆ. ಮಾತಾಡಿಸಿದವರಿಗೆ ಜೀವ ಕೊಡುವಷ್ಟು ಸಹಾಯ ಮಾಡುತ್ತಾನೆ. ಸಿಟ್ಟು, ಔದಾರ್ಯ ಎರಡೂ ಅಲ್ಲೇ ಇದ್ದವು. ಶೇಕ್ಸ್‌ಪಿಯರ್ ಅವನಿಗೆ ಸಂಸಾರ ಕೊಟ್ಟ. ರೋಮನ್ ಕವಿ ಓವಿಡ್ ಡಯಾನಾ ದೇವತೆಗೆ ಬಳಸಿದ್ದ ಟೈಟಾನಿಯಾ ಎಂಬ ಹೆಸರನ್ನು ತಂದು ಸರಿಸಮಾನಳಾದ ಹೆಂಡತಿಯನ್ನು ಎದುರಿಗೆ ನಿಲ್ಲಿಸಿದ. ಸಿಟ್ಟು ಬಂದರೂ ಸುಮ್ನೆ ಬಿರುಗಾಳಿ ಎಬ್ಬಿಸಿ ಗೆಲ್ಲುವ ಹಾಗಿಲ್ಲದ ಸ್ಥಿತಿ ಅದು.

ಮಗು ಯಾರದು

ಎರಡನೇ ಅಂಕದ ಮೊದಲ ದೃಶ್ಯದಲ್ಲಿ ಇಬ್ಬರೂ ಬೆಳದಿಂಗಳಲ್ಲಿ ಎದುರಾಗುತ್ತಾರೆ. ಮೊದಲ ಮಾತೇ ಕಹಿ. ಅವಳು ಅವನ ಹಾಸಿಗೆ, ಸಹವಾಸ ಎರಡನ್ನೂ ತೊರೆದಿದ್ದೇನೆ ಎನ್ನುತ್ತಾಳೆ. ನಾನು ನಿನ್ನ ಒಡೆಯ ಅಲ್ಲವೇ ಎಂದು ಅವನು ಕೇಳುತ್ತಾನೆ. ಹಾಗಾದರೆ ನಾನು ನಿನ್ನ ಒಡತಿ ಆಗಿರಬೇಕಲ್ಲ ಎಂದು ಅವಳು ತಿರುಗಿಸುತ್ತಾಳೆ. ಆಮೇಲೆ ಹಳೆಯ ಲೆಕ್ಕಗಳು ಹೊರಬರುತ್ತವೆ. ಅವನು ಕುರುಬನ ವೇಷ ಹಾಕಿ ಫಿಲಿಡಾ ಎಂಬವಳಿಗೆ ಕೊಳಲೂದಿದ್ದನ್ನು ಅವಳು ಎತ್ತುತ್ತಾಳೆ. ಅಥೆನ್ಸಿನ ದೊರೆ ಥೀಸಿಯಸ್‌ನ ಮದುಮಗಳಾಗಲಿರುವ ಹಿಪ್ಪೋಲಿಟಾ ಮೇಲೆ ಅವನಿಗಿದ್ದ ಮೋಹವನ್ನೂ ಎತ್ತುತ್ತಾಳೆ. ಅವನು ಅವಳ ಮೇಲೆ ಥೀಸಿಯಸ್‌ನ ಹೆಸರು ಹೊರಿಸುತ್ತಾನೆ. ಇದರಲ್ಲಿ ಯಾರ ಮಾತು ನಿಜ ಎಂದು ನಾಟಕ ಹೇಳುವುದಿಲ್ಲ. ಅದರಲ್ಲಿ ತಲೆ ಹಾಕುವ ಅಗತ್ಯವೂ ನಮಗಿಲ್ಲ.

ಆಮೇಲೆ ಬರುವ ಟೈಟಾನಿಯಾಳ ಮಾತು ಗಂಭೀರವಾದದ್ದು. ನಮ್ಮ ಜಗಳದಿಂದ ಲೋಕ ಕೆಟ್ಟಿದೆ ಎನ್ನುತ್ತಾಳೆ. ನದಿಗಳು ದಡ ಮೀರಿವೆ. ಎತ್ತು ನೊಗ ಎಳೆದದ್ದು ವ್ಯರ್ಥ. ಉಳುವವನ ಬೆವರು ನೀರುಪಾಲು. ತೆನೆ ಬಲಿಯುವ ಮೊದಲೇ ಪೈರು ಹಸಿರಾಗಿಯೇ ಕೊಳೆತಿದೆ. ಸತ್ತ ಕುರಿಗಳನ್ನು ತಿಂದು ಕಾಗೆಗಳು ಕೊಬ್ಬಿವೆ. ಋತುಗಳು ಒಂದರ ಬಟ್ಟೆ ಇನ್ನೊಂದು ತೊಟ್ಟಿವೆ. 1594ರಿಂದ ಕೆಲವು ವರ್ಷ ಇಂಗ್ಲೆಂಡಿನಲ್ಲಿ ಮಳೆ ಜಾಸ್ತಿಯಾಗಿ ಬೆಳೆ ನಿಜವಾಗಿಯೂ ಕೆಟ್ಟಿತ್ತು, ಧಾನ್ಯದ ಬೆಲೆ ಏರಿತ್ತು. ಅಂದಿನ ಪ್ರೇಕ್ಷಕರಿಗೆ ಇದು ಅವರದೇ ಹೊಲದ ಸುದ್ದಿ. ಈ ಕೇಡಿಗೆಲ್ಲ ನಾವೇ ತಂದೆತಾಯಿ ಎಂದು ಅವಳು ಹೇಳುತ್ತಾಳೆ. 'ನಾವು' ಅನ್ನುತ್ತಾಳೆ, ತನ್ನನ್ನೂ ಸೇರಿಸಿಕೊಂಡು.

ಓಬೆರಾನ್‌ನ ಉತ್ತರ ನೋಡಿ. ಹಾಗಾದರೆ ನೀನೇ ಸರಿಮಾಡು, ಅದು ನಿನ್ನ ಕೈಯಲ್ಲಿದೆ. ನಾನು ಕೇಳಿದ್ದು ಒಂದು ಪುಟ್ಟ ಹುಡುಗನನ್ನು, ನನ್ನ ಪರಿಚಾರಕನಾಗಿ. ಹೊಲ ಮುಳುಗಿದ ಸುದ್ದಿಯನ್ನು ಅವನು ಬೇಡಿಕೆ ಇಡಲು ಅವಕಾಶ ಮಾಡಿಕೊಂಡ. ಈ ಪ್ರಕರಣದಲ್ಲಿ ಅವನ ಮೊದಲ ದೊಡ್ಡ ತಪ್ಪು ಇದು ಎಂದು ನನಗನ್ನಿಸುತ್ತದೆ. ಪ್ರಜೆಗಳ ಕಷ್ಟ ಅವನಿಗೆ ಕೇಳಿಸಿದೆ. ಆದರೆ ಅದಕ್ಕೆ ತಾನೂ ಹೊಣೆ ಎಂಬ ಅರ್ಧ ಮಾತನ್ನು ಅವನು ಮುಟ್ಟುವುದೇ ಇಲ್ಲ.

ಅವಳು ಏಕೆ ಕೊಡುವುದಿಲ್ಲ ಅನ್ನುವುದಕ್ಕೆ ಕಾರಣ ಹೇಳುತ್ತಾಳೆ. ಮಗುವಿನ ತಾಯಿ ಅವಳ ಭಕ್ತೆ, ಗೆಳತಿ. ಸಂಬಾರದ ಕಂಪು ತುಂಬಿದ ಭಾರತದ ರಾತ್ರಿಗಾಳಿಯಲ್ಲಿ ಇಬ್ಬರೂ ಕಡಲ ಮರಳಿನ ಮೇಲೆ ಕೂತು ಹರಟುತ್ತಿದ್ದರು. ವ್ಯಾಪಾರಿ ಹಡಗುಗಳು ಹೋಗುವುದನ್ನು ನೋಡುತ್ತಿದ್ದರು. ಗಾಳಿ ತುಂಬಿದ ಹಾಯಿಗಳು ಬಸುರಿಯರ ಹಾಗೆ ಉಬ್ಬುವುದನ್ನು ಕಂಡು ನಗುತ್ತಿದ್ದರು. ಆಗ ತುಂಬುಬಸುರಿಯಾಗಿದ್ದ ಆ ಗೆಳತಿ ಹಡಗಿನ ನಡಿಗೆಯನ್ನು ಅಣಕಿಸುತ್ತಾ ನೆಲದ ಮೇಲೆ ತೇಲಿದ ಹಾಗೆ ಹೋಗಿ ಚಿಕ್ಕಪುಟ್ಟ ವಸ್ತು ತಂದುಕೊಡುತ್ತಿದ್ದಳು. ಆದರೆ ಅವಳು ಮನುಷ್ಯಳು. ಹೆರಿಗೆಯಲ್ಲಿ ತೀರಿಕೊಂಡಳು. ಅವಳಿಗಾಗಿ ಮಗುವನ್ನು ಸಾಕುತ್ತಿದ್ದೇನೆ, ಅವಳಿಗಾಗಿಯೇ ಅವನನ್ನು ಬಿಟ್ಟುಕೊಡುವುದಿಲ್ಲ.

ಇಡೀ ನಾಟಕದಲ್ಲಿ ಇಷ್ಟು ನಿಜವಾದ ಗೆಳೆತನದ ಚಿತ್ರ ಇನ್ನೊಂದಿಲ್ಲ. ಆ ಭಾರತ ಶೇಕ್ಸ್‌ಪಿಯರ್‌ಗೆ ಬರೀ ಸುದ್ದಿಯಲ್ಲಿ ಬಂದ ದೇಶ. ಗೋವಾ, ಬೆಳಗಾವಿ, ಬಿಜಾಪುರ ಹಾದುಹೋಗಿದ್ದ ವ್ಯಾಪಾರಿ ರಾಲ್ಫ್ ಫಿಚ್ 1591ರಲ್ಲಿ ಲಂಡನ್‌ಗೆ ವಾಪಸಾಗಿದ್ದ. ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಸಿಕ್ಕಿದ್ದು 1600ರ ಕೊನೆಯ ದಿನ, ಈ ನಾಟಕ ಅಚ್ಚಾದ ವರ್ಷವೇ. ಹಡಗು, ಸಂಬಾರ, ಭಾರತ ಎಂಬ ಮೂರು ಮಾತು ಒಟ್ಟಿಗೆ ಲಂಡನ್ನಿನ ಬಾಯಲ್ಲಿ ಓಡಾಡುತ್ತಿದ್ದ ಕಾಲ ಅದು.

ಇಲ್ಲಿ ಒಂದು ತೊಡಕಿದೆ. ಪಕ್ ಹೇಳುವ ಕಥೆ ಬೇರೆ. ಅವನ ಪ್ರಕಾರ ಈ ಹುಡುಗ ಭಾರತದ ರಾಜನೊಬ್ಬನಿಂದ ಕದ್ದು ತಂದವನು. ಎರಡರಲ್ಲಿ ಯಾವುದು ನಿಜ? ನಾಟಕ ಬಿಡಿಸುವುದಿಲ್ಲ. ಪಕ್ ಓಬೆರಾನ್‌ನ ಸೇವಕ, ಒಡೆಯನ ಕಡೆಯ ಸುದ್ದಿ ಹೇಳುತ್ತಾನೆ. ಟೈಟಾನಿಯಾ ತನ್ನ ಕಡೆಯದು ಹೇಳುತ್ತಾಳೆ. ಹುಡುಗನಿಗೆ ಮಾತೇ ಇಲ್ಲ. ಮೂಲ ಪಠ್ಯದಲ್ಲಿ ಅವನು ರಂಗದ ಮೇಲೆ ಬರಲೂಬೇಕಿಲ್ಲ. ಎಲ್ಲರೂ ಅವನಿಗಾಗಿ ಜಗಳವಾಡುತ್ತಾರೆ, ನಿನಗೆ ಯಾರ ಹತ್ತಿರ ಇರಬೇಕು ಅಂತ ಅವನನ್ನು ಒಬ್ಬರೂ ಕೇಳುವುದಿಲ್ಲ.

ಬೇರೆಯಾಗುವ ಮುನ್ನ ಟೈಟಾನಿಯಾ ಒಂದು ದಾರಿ ತೋರಿಸುತ್ತಾಳೆ. ಸಮಾಧಾನದಿಂದ ನಮ್ಮ ಜೊತೆ ಕುಣಿಯುವುದಾದರೆ, ಬೆಳದಿಂಗಳ ಆಟ ನೋಡುವುದಾದರೆ ಬಾ. ಅವನ ಉತ್ತರ: ಹುಡುಗನನ್ನು ಕೊಡು, ಬರುತ್ತೇನೆ. ನಿನ್ನ ಇಡೀ ರಾಜ್ಯ ಕೊಟ್ಟರೂ ಇಲ್ಲ ಎಂದು ಅವಳು ಹೊರಟುಹೋಗುತ್ತಾಳೆ. ರಾಜಿಗೆ ಸಿಕ್ಕಿದ್ದ ಒಂದೇ ಅವಕಾಶ ಅದು. ಕೈಬಿಟ್ಟವನು ಓಬೆರಾನ್.

ಹೂವಿನ ರಸ

ಅವಳು ಹೋದ ಮೇಲೆ ಅವನು ಹೇಳುವ ಮಾತು ಸ್ಪಷ್ಟವಾಗಿದೆ: ಈ ಅವಮಾನಕ್ಕೆ ನಿನ್ನನ್ನು ಗೋಳಾಡಿಸದೆ ಈ ಕಾಡಿನಿಂದ ಬಿಡುವುದಿಲ್ಲ. ಮಗು ಬೇಕು ಅನ್ನುವುದು ಒಂದು ಉದ್ದೇಶ. ಅವಮಾನ ತೀರಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಮುಂದೆ ನಿಂತಿದೆ.

ತಕ್ಷಣವೇ ಅವನ ಬಾಯಿಂದ ನಾಟಕದ ಅತಿ ಸುಂದರ ಕಾವ್ಯ ಹೊರಡುತ್ತದೆ. ನನ್ನನ್ನು ಮತ್ತೆ ಮತ್ತೆ ಈ ಪಾತ್ರದ ಕಡೆ ಎಳೆಯುವುದು ಇದೇ. ಮನ್ಮಥನ ಬಾಣ ಗುರಿ ತಪ್ಪಿದ್ದನ್ನು ಅವನೊಬ್ಬನೇ ನೋಡಿದ್ದ. ಅದು ಬಿದ್ದ ಪುಟ್ಟ ಹೂ ಹಾಲಿನಂತೆ ಬಿಳಿಯಾಗಿದ್ದದ್ದು ಗಾಯಗೊಂಡು ನೇರಳೆಯಾಯಿತು. ಅದು ಬಿದ್ದ ಜಾಗವನ್ನೂ ಅವನು ಗುರುತಿಟ್ಟುಕೊಂಡಿದ್ದ. ಆ ಹೂವಿನ ರಸವನ್ನು ಮಲಗಿದವರ ರೆಪ್ಪೆಗೆ ಹಚ್ಚಿದರೆ ಎದ್ದು ಮೊದಲು ಕಂಡ ಜೀವಿಯ ಮೇಲೆ ಹುಚ್ಚು ಪ್ರೀತಿ ಹುಟ್ಟುತ್ತದೆ. ಟೈಟಾನಿಯಾ ಮಲಗುವ ದಿಬ್ಬದ ಬಗ್ಗೆ ಅವನು ಹೇಳುವಾಗ ಒಂದೊಂದು ಹೂವಿನ ಹೆಸರೂ ಬರುತ್ತದೆ. ಕಾಡು ಥೈಮ್, ತಲೆತೂಗುವ ವಯೊಲೆಟ್, ಮೇಲೆ ಚಪ್ಪರದ ಹಾಗೆ ಹಬ್ಬಿದ ಬಳ್ಳಿ, ಕಸ್ತೂರಿ ಗುಲಾಬಿ. ಹಾವು ಅಲ್ಲಿ ಪೊರೆ ಬಿಡುತ್ತದೆ, ಆ ಪೊರೆ ಒಬ್ಬ ಕಿನ್ನರಿಗೆ ಹೊದೆಯಲು ಸಾಕಾಗುವಷ್ಟು ಅಗಲ ಅನ್ನುವುದನ್ನೂ ಅವನು ಕಂಡಿದ್ದಾನೆ. ಹೆಂಡತಿ ಎಲ್ಲಿ, ಯಾವ ಹೂಗಳ ನಡುವೆ ಮಲಗುತ್ತಾಳೆ ಎಂದು ಇಷ್ಟು ಪ್ರೀತಿಯಿಂದ ಬಲ್ಲವನು, ಆ ತಿಳಿವಳಿಕೆಯನ್ನೇ ಅವಳ ಮೇಲೆ ತಿರುಗಿಸುತ್ತಾನೆ. ಕಾವ್ಯ ಅಷ್ಟು ಚೆನ್ನಾಗಿರುವುದರಿಂದ ಅವನು ಏನು ಮಾಡಲು ಹೊರಟಿದ್ದಾನೆ ಅನ್ನುವುದು ಕೇಳುಗರಿಗೆ ಅರೆಕ್ಷಣ ಮರೆತೇ ಹೋಗುತ್ತದೆ.

ಅವಳು ಎದ್ದಾಗ ಎದುರಿಗೆ ಏನಿರಬೇಕು ಅಂತ ಅವನು ಎಣಿಸುತ್ತಾನೆ: ಸಿಂಹ, ಕರಡಿ, ತೋಳ, ಗೂಳಿ, ಕೋತಿ. ರಸ ಹಚ್ಚುವಾಗ, ಯಾವುದಾದರೂ ಹೊಲಸು ಪ್ರಾಣಿ ಹತ್ತಿರ ಬಂದಾಗ ಏಳು ಅನ್ನುತ್ತಾನೆ. ಅವಳ ಕಣ್ಣಿಗೆ ರಸ ಹಿಂಡಿದ್ದು ಅವನದೇ ಕೈ. ಈ ಕೆಲಸವನ್ನು ಪಕ್‌ಗೆ ವಹಿಸಲಿಲ್ಲ.

ಹೆಲೆನಾಳ ಕಣ್ಣೀರು

ಅದೇ ಹೊತ್ತಿಗೆ ಹೆಲೆನಾ ಓಡಿಬರುತ್ತಾಳೆ. ಡಿಮಿಟ್ರಿಯಸ್ ಒಮ್ಮೆ ಅವಳನ್ನು ಪ್ರೀತಿಸಿದ್ದವನು. ಈಗ ಹರ್ಮಿಯಾ ಎಂಬ ಇನ್ನೊಬ್ಬಳ ಹಿಂದೆ ಬಿದ್ದು ಹೆಲೆನಾಳನ್ನು ಬೈದು ಓಡಿಸುತ್ತಿದ್ದಾನೆ. ಓಬೆರಾನ್ ಯಾರಿಗೂ ಕಾಣದೆ ನಿಂತು ಕೇಳುತ್ತಾನೆ. ಅವನಿಗೆ ಅವರು ಯಾರೂ ಅಲ್ಲ. ಅವನ ತಲೆಯಲ್ಲಿ ತನ್ನದೇ ಜಗಳ ಕುದಿಯುತ್ತಿದೆ. ಆದರೂ ಆ ಹುಡುಗಿಗೆ ನೋವಾಗಿದೆ ಅನ್ನುವುದು ಅವನಿಗೆ ತಟ್ಟುತ್ತದೆ. ಈ ಕಾಡು ಬಿಡುವ ಮೊದಲು ಅವನೇ ನಿನ್ನ ಹಿಂದೆ ಬರುವಂತೆ ಮಾಡುತ್ತೇನೆ ಎನ್ನುತ್ತಾನೆ. ಇದರಿಂದ ಅವನಿಗೆ ಏನೂ ಲಾಭವಿಲ್ಲ. ಹೆಲೆನಾಗೆ ಕೊನೆಯವರೆಗೂ ಅವನ ಹೆಸರು ಸಹ ತಿಳಿಯುವುದಿಲ್ಲ. ಇದನ್ನು ಶುದ್ಧ ದಯೆ ಅನ್ನದೆ ಇನ್ನೇನು ಅನ್ನೋಣ?

ಕೆಲಸ ಮಾತ್ರ ಕೆಟ್ಟಿತು. ಡಿಮಿಟ್ರಿಯಸ್‌ನ ಕಣ್ಣಿಗೆ ಅದೇ ರಸ ಹಚ್ಚು, ಅಥೆನ್ಸಿನ ಉಡುಪು ತೊಟ್ಟವನೇ ಆ ಮನುಷ್ಯ ಎಂದು ಪಕ್‌ಗೆ ಹೇಳಿ ಕಳಿಸಿದ. ಆ ರಾತ್ರಿ ಕಾಡಿನಲ್ಲಿ ಅದೇ ಉಡುಪಿನ ಇನ್ನೊಬ್ಬನೂ ಇದ್ದ. ಪಕ್ ರಸ ಹಾಕಿದ್ದು ಹರ್ಮಿಯಾಳ ಪ್ರಿಯಕರ ಲೈಸ್ಯಾಂಡರ್ ಕಣ್ಣಿಗೆ. ಹರ್ಮಿಯಾಗಾಗಿ ಪ್ರಾಣ ಬಿಡುತ್ತೇನೆ ಎನ್ನುತ್ತಿದ್ದವನು ಅವಳನ್ನು ಕಾಡಿನಲ್ಲಿ ಮಲಗಿದಲ್ಲೇ ಬಿಟ್ಟು ಹೋದ. ಓಬೆರಾನ್ ಪಕ್‌ನನ್ನು ಗದರಿಸುತ್ತಾನೆ, ಬೇಕಂತಲೇ ಮಾಡಿದೆಯಾ ಎಂದೂ ಕೇಳುತ್ತಾನೆ. ನೀವು ಹೇಳಿದ್ದು ಅಥೆನ್ಸಿನ ಉಡುಪು ಅಂತ ತಾನೆ, ಎಂದು ಪಕ್ ಉತ್ತರಿಸುತ್ತಾನೆ. ಪಕ್ ಹೇಳಿದ್ದು ಸರಿ. ಅಪ್ಪಣೆಯೇ ಅರೆಬರೆಯಾಗಿತ್ತು.

ಆದರೆ ಮುಂದೆ ನಡೆಯುವುದನ್ನು ನೋಡಬೇಕು. ಪಕ್‌ಗೆ ಇದೆಲ್ಲ ಮಜಾ. ಇಬ್ಬರು ಗಂಡಸರು ಒಬ್ಬಳ ಹಿಂದೆ ಓಡುವುದನ್ನು ನೋಡಿ ಕೈತಟ್ಟಿ ನಗುತ್ತಾನೆ. ಓಬೆರಾನ್ ನಗುವುದಿಲ್ಲ. ತಪ್ಪಾಗಿದೆ ಎಂದು ಕಂಡ ಕೂಡಲೇ ಹೆಲೆನಾಳನ್ನು ಕರೆತರಲು ಪಕ್‌ನನ್ನು ಅಟ್ಟುತ್ತಾನೆ. ಡಿಮಿಟ್ರಿಯಸ್‌ನ ಕಣ್ಣಿಗೆ ತಾನೇ ರಸ ಹಿಂಡುತ್ತಾನೆ. ಇಬ್ಬರು ಹುಡುಗರು ಕತ್ತಿ ಹಿಡಿದು ಹೊರಟಾಗ ಕಪ್ಪು ಮಂಜು ಕವಿಸಿ ಒಬ್ಬರಿಗೊಬ್ಬರು ಸಿಗದಂತೆ ಸುತ್ತಾಡಿಸಿ ಮಲಗಿಸು ಎನ್ನುತ್ತಾನೆ. ರಕ್ತ ಹರಿಯಬಾರದು ಅನ್ನುವುದು ಅವನ ಮೊದಲ ಚಿಂತೆ. ಲೈಸ್ಯಾಂಡರ್‌ನ ಕಣ್ಣಿಗೆ ಆ ರಸದ ಮರುಳು ಇಳಿಸುವ ಮದ್ದು ಹಾಕಿಸುತ್ತಾನೆ. ಬೆಳಕು ಹರಿಯುವ ಮುನ್ನ ಕೆಲಸ ಮುಗಿಯಲಿ ಎಂದು ಪಕ್ ಅವಸರಪಡಿಸಿದಾಗ, ನಾವು ಬೆಳಕಿಗೆ ಹೆದರುವ ಪ್ರೇತಗಳಲ್ಲ, ಬೇರೆ ಬಗೆಯವರು ಎನ್ನುತ್ತಾನೆ. ಮುಂಜಾವಿನ ಜೊತೆ ಆಡಿದವನು ನಾನು ಎಂದು ಹೆಮ್ಮೆಯಿಂದ ಹೇಳುವ ಆ ಕೆಲವು ಸಾಲುಗಳಲ್ಲಿ ಅವನ ರಾಜತನ ಪೂರ್ತಿ ಕಾಣುತ್ತದೆ.

ಕೆಟ್ಟದ್ದನ್ನು ಒಪ್ಪಿ, ನಿಂತು, ಸರಿಮಾಡುವವನು ಅವನು. ಅಧಿಕಾರ ಇರುವವರಲ್ಲಿ ಈ ಗುಣ ಅಪರೂಪ ಅಲ್ವಾ?

ನಾಲ್ಕನೇ ಅಂಕದ ಆ ಮಾತು

ಇಷ್ಟರಲ್ಲಿ ಪಕ್ ತನ್ನದೇ ತುಂಟತನದಿಂದ ಬಾಟಮ್‌ಗೆ ಕತ್ತೆತಲೆ ಇಟ್ಟಿದ್ದಾನೆ. ಟೈಟಾನಿಯಾ ಎದ್ದವಳೇ ಅವನಿಗೆ ಮರುಳಾಗಿದ್ದಾಳೆ. ಸುದ್ದಿ ಕೇಳಿ ಓಬೆರಾನ್, ನಾನು ಯೋಚಿಸಿದ್ದಕ್ಕಿಂತ ಚೆನ್ನಾಗಾಯಿತು ಎನ್ನುತ್ತಾನೆ. ಹೆಲೆನಾಗಾಗಿ ಮರುಗಿದ ಅದೇ ಮನಸ್ಸು.

ನಾಲ್ಕನೇ ಅಂಕದ ಆರಂಭದಲ್ಲಿ ಅವನು ಪಕ್‌ಗೆ ನಡೆದದ್ದು ಹೇಳುತ್ತಾನೆ. ಈ ಪ್ರಕರಣದ ತೀರ್ಪು ನಿಂತಿರುವುದು ಈ ಮಾತಿನ ಮೇಲೆ. ಹಾಗಾಗಿ ನಿಧಾನವಾಗಿ ಓದಬೇಕು. ಮೊದಲ ಸಾಲು: ಇವಳ ಮರುಳು ಕಂಡು ನನಗೀಗ ಕನಿಕರ ಹುಟ್ಟುತ್ತಿದೆ. ಆಮೇಲೆ ಹಿಂದಿನದು. ಆ ಮೂಢನಿಗಾಗಿ ಹೂ ಹುಡುಕುತ್ತಿದ್ದ ಅವಳು ಕಾಡಿನ ಹಿಂದೆ ಸಿಕ್ಕಳು. ಬೈದೆ. ಅವನ ಒರಟು ಹಣೆಗೆ ಅವಳು ಹೂಮಾಲೆ ಸುತ್ತಿದ್ದಳು. ಹೂವಿನ ಮೇಲಿನ ಇಬ್ಬನಿ ತಮ್ಮ ಅವಮಾನಕ್ಕೆ ಹೂಗಳೇ ಅತ್ತ ಕಣ್ಣೀರಿನ ಹಾಗಿತ್ತು. ಮನಸಾರೆ ಹಂಗಿಸಿದೆ. ಅವಳು ಮೆತ್ತಗೆ ತಾಳ್ಮೆ ಬೇಡಿದಳು. ಆಗ ಮಗುವನ್ನು ಕೇಳಿದೆ. ತಕ್ಷಣ ಕೊಟ್ಟಳು. ಈಗ ಮಗು ನನ್ನದಾಯಿತು, ಇನ್ನು ಅವಳ ಕಣ್ಣಿನ ದೋಷ ತೆಗೆಯುತ್ತೇನೆ.

ಕ್ರಮ ಗಮನಿಸಿ. ಬೈದ, ಹಂಗಿಸಿದ, ಕೇಳಿದ, ಪಡೆದ. ಆಮೇಲೆ ಮದ್ದು. ಹೂವಿನ ಮೇಲೆ ಕಣ್ಣೀರು ಕಂಡವನು ಅವನೇ. ಅದನ್ನು ಕಂಡ ಮೇಲೂ ಹಂಗಿಸುವುದನ್ನು ನಿಲ್ಲಿಸಲಿಲ್ಲ. ಕನಿಕರ ಸುಳ್ಳಲ್ಲ. ಆದರೆ ಅದು ಕೈಗೆ ಕೆಲಸ ಕೊಟ್ಟಿದ್ದು ಬೇಕಾದದ್ದು ಸಿಕ್ಕ ಮೇಲೆ. ಅವಳು ಮಗುವನ್ನು ಕೊಟ್ಟಾಗ ತನ್ನ ಪ್ರಜ್ಞೆಯಲ್ಲಿ ಇರಲಿಲ್ಲ. ಸತ್ತ ಗೆಳತಿಯ ನೆನಪು ಆ ರಸದ ಕೆಳಗೆ ಹೂತುಹೋಗಿತ್ತು. ಅಮಲಿನಲ್ಲಿದ್ದವರ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರದ ಹಾಗೆ ಇದು. ಅಂಥ ಒಪ್ಪಿಗೆಗೆ ಬೆಲೆ ಇಲ್ಲ.

ಮದ್ದು ಹಾಕಿದ ಮೇಲೆ ಟೈಟಾನಿಯಾ ಏಳುತ್ತಾಳೆ. ನನ್ನ ಓಬೆರಾನ್, ಎಂಥ ಕನಸು ಕಂಡೆ, ಕತ್ತೆಯೊಂದಕ್ಕೆ ಮನಸೋತಿದ್ದೆ ಅನ್ನಿಸಿತು ಎನ್ನುತ್ತಾಳೆ. ಅಗೋ ನಿನ್ನ ಪ್ರಿಯ ಎಂದು ಅವನು ತೋರಿಸುತ್ತಾನೆ. ಇದೆಲ್ಲ ಹೇಗಾಯಿತು ಎಂದು ಕೇಳಿದರೆ, ಸ್ವಲ್ಪ ಸುಮ್ಮನಿರು ಎನ್ನುತ್ತಾನೆ. ಸಂಗೀತ, ಕುಣಿತ. ಹೊರಡುವಾಗ ಅವಳು ಮತ್ತೊಮ್ಮೆ ಕೇಳುತ್ತಾಳೆ: ಈ ಮನುಷ್ಯರ ನಡುವೆ ನಾನು ಹೇಗೆ ಮಲಗಿದ್ದೆ, ಹಾರುತ್ತಾ ಹೇಳು. ಅವನ ಉತ್ತರ ನಮಗೆ ಕೇಳಿಸುವುದಿಲ್ಲ. ಹೇಳಿದನೋ ಇಲ್ಲವೋ ನಾಟಕ ಬರೆದಿಲ್ಲ. ಮಗುವಿನ ಬಗ್ಗೆ ಇಬ್ಬರೂ ಮತ್ತೆ ಮಾತೆತ್ತುವುದಿಲ್ಲ. ಕೊಳೆತ ಪೈರು, ಮುಳುಗಿದ ಹೊಲ ಏನಾಯಿತು ಅನ್ನುವುದೂ ಮತ್ತೆ ಬರುವುದಿಲ್ಲ.

ಅವನ ಪರವಾಗಿ

ಓಬೆರಾನ್‌ನ ಪರ ವಾದಿಸಲು ಸಾಕಷ್ಟು ಇದೆ. ಆ ಕಾಲದ ಇಂಗ್ಲೆಂಡಿನಲ್ಲಿ ದೊಡ್ಡ ಮನೆತನದ ಹುಡುಗರನ್ನು ಇನ್ನೊಂದು ಮನೆಗೆ ಸೇವಕರಾಗಿ ಕಳಿಸಿ ಬೆಳೆಸುವುದು ರೂಢಿ. ಹುಡುಗನನ್ನು ಹೂಮಾಲೆ ತೊಡಿಸಿ ಮಡಿಲಲ್ಲೇ ಇಟ್ಟುಕೊಳ್ಳುವುದಕ್ಕಿಂತ ರಾಜನ ಪರಿವಾರದಲ್ಲಿ ಕಾಡು ಸುತ್ತಿಸುವುದು ಅವನ ಬೆಳವಣಿಗೆಗೆ ಒಳ್ಳೆಯದು ಅನ್ನಬಹುದು. ಗಂಡನ ಮಾತು ಮೀರಬಾರದು ಎಂಬುದೂ ಅಂದಿನ ಪ್ರೇಕ್ಷಕರ ನಂಬಿಕೆ. ಇದೆಲ್ಲ ಒಪ್ಪುತ್ತೇನೆ. ಅವನು ಮಗುವನ್ನು ಕೇಳಿದ್ದರಲ್ಲಿ ಅನ್ಯಾಯ ಇಲ್ಲ. ಇಲ್ಲ ಅಂದ ಮೇಲೆ ಅವನು ಹಿಡಿದ ದಾರಿಯಲ್ಲಿ ಇದೆ. ಮಗುವಿನ ಒಳಿತಿಗಾಗಿ ಎಂದು ಅವನೇ ಒಂದು ಮಾತೂ ಹೇಳಿಲ್ಲ. ಆ ಕಾರಣ ನಾವು ಅವನಿಗೆ ಕೊಡಬೇಕಾಗಿದೆ.

ಡಿಮಿಟ್ರಿಯಸ್ ವಿಷಯವೂ ಪೂರ್ತಿ ಹಗುರವಲ್ಲ. ಲೈಸ್ಯಾಂಡರ್‌ಗೂ ಟೈಟಾನಿಯಾಗೂ ಮದ್ದು ಸಿಕ್ಕಿತು. ಡಿಮಿಟ್ರಿಯಸ್‌ಗೆ ಸಿಗಲೇ ಇಲ್ಲ. ಕಾಯಿಲೆ ಬಿದ್ದಾಗ ಊಟ ಹಿಡಿಸದಂತೆ ಆಗಿತ್ತು, ಈಗ ಮತ್ತೆ ರುಚಿ ಬಂದಿದೆ ಎಂದು ಅವನೇ ಹೇಳುತ್ತಾನೆ. ಹಳೆಯ ಪ್ರೀತಿ ಮರಳಿದ್ದು ನಿಜವೇ ಇರಬಹುದು. ಆದರೂ ಅವನು ಮದುವೆಯಾಗುವುದು ಕಣ್ಣಲ್ಲಿ ಇನ್ನೂ ರಸ ಇರುವಾಗಲೇ.

ರಂಗದ ಮೇಲೆ

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ರಂಗಭೂಮಿ ಓಬೆರಾನ್‌ನನ್ನು ಬಹುಮಟ್ಟಿಗೆ ಹಾಡುವ ಚೆಲುವ ಪಾತ್ರ ಮಾಡಿತು. 1840ರಲ್ಲಿ ಕವೆಂಟ್ ಗಾರ್ಡನ್‌ನಲ್ಲಿ ಮೇಡಂ ವೆಸ್ಟ್ರಿಸ್ ಆ ಪಾತ್ರ ಮಾಡಿದಳು, ಹೆಂಗಸರೇ ಮಾಡುವ ಪದ್ಧತಿ ಆಮೇಲೆ ಬಹುಕಾಲ ನಡೆಯಿತು. ಕಣ್ಣಿಗೆ ಹಿತ, ಆದರೆ ಪ್ರಕರಣದ ಚುಚ್ಚು ಅಲ್ಲಿ ಮಾಯ. 1970ರಲ್ಲಿ ನಿರ್ದೇಶಕ ಪೀಟರ್ ಬ್ರೂಕ್ ಬಿಳಿ ಗೋಡೆಯ ರಂಗದ ಮೇಲೆ ನಟ ಅಲನ್ ಹೊವಾರ್ಡ್‌ಗೆ ಓಬೆರಾನ್, ಥೀಸಿಯಸ್ ಎರಡೂ ಪಾತ್ರ ಕೊಟ್ಟರು. ಹಿಪ್ಪೋಲಿಟಾಳನ್ನು ಕತ್ತಿಯಿಂದ ಗೆದ್ದೆ ಎನ್ನುವ ಹಗಲಿನ ದೊರೆ, ಹೆಂಡತಿಯನ್ನು ಹೂವಿನಿಂದ ಸೋಲಿಸುವ ರಾತ್ರಿಯ ದೊರೆ ಒಬ್ಬನೇ ಎಂದು ಆಗ ಎದ್ದು ಕಂಡಿತು. 2006ರಲ್ಲಿ ಟಿಮ್ ಸಪ್ಲ್ ಭಾರತ, ಶ್ರೀಲಂಕಾದ ಕಲಾವಿದರನ್ನು ಕೂಡಿಸಿ ಹಲವು ಭಾಷೆಗಳಲ್ಲಿ ಇದೇ ನಾಟಕ ಆಡಿಸಿದರು. 2019ರಲ್ಲಿ ಲಂಡನ್‌ನ ಬ್ರಿಡ್ಜ್ ಥಿಯೇಟರ್‌ನಲ್ಲಿ ನಿಕೊಲಸ್ ಹೈಟ್ನರ್ ರಾಜ ರಾಣಿಯರ ಮಾತುಗಳನ್ನೇ ಅದಲುಬದಲು ಮಾಡಿದರು. ಅಲ್ಲಿ ರಸ ಹಚ್ಚುವವಳು ಟೈಟಾನಿಯಾ, ಬಾಟಮ್‌ಗೆ ಮರುಳಾಗುವವನು ಓಬೆರಾನ್. ಜನ ಹೊಟ್ಟೆತುಂಬ ನಕ್ಕರು. ಆ ಬದಲಾವಣೆ ಜಾಣತನದ್ದು. ಆದರೆ ನನಗೆ ಮೂಲದ ಕ್ರಮವೇ ಬೇಕು. ಅದಲುಬದಲಾದರೆ ಓಬೆರಾನ್ ಉತ್ತರ ಹೇಳಬೇಕಾದ ಪ್ರಶ್ನೆಯಿಂದ ಪಾರಾಗುತ್ತಾನೆ.

ಕೊನೆಯ ಅಂಕದಲ್ಲಿ ಅವನು ಮದುವೆಯ ಮನೆಗೆ ಬಂದು ಹರಸುತ್ತಾನೆ. ಹುಟ್ಟುವ ಮಕ್ಕಳಿಗೆ ಸೀಳುತುಟಿ ಬಾರದಿರಲಿ, ಮಚ್ಚೆ, ಕಲೆ, ಅಂಗದೋಷ ಯಾವುದೂ ಬಾರದಿರಲಿ ಎಂದು ಹೊಲದ ಇಬ್ಬನಿಯನ್ನು ಕೋಣೆ ಕೋಣೆಗೆ ಚಿಮುಕಿಸಲು ಹೇಳುತ್ತಾನೆ. ಆ ಕಾಲದ ಪ್ರತಿ ಬಸುರಿಯ ಭಯವೂ ಆ ಪಟ್ಟಿಯಲ್ಲಿದೆ. ಅವನಿಗೆ ಅದು ಗೊತ್ತು, ಅದಕ್ಕೆ ಅವನ ಮನಸ್ಸು ಕರಗುತ್ತದೆ. ಹೆರಿಗೆಯಲ್ಲಿ ಸತ್ತ ಒಬ್ಬ ಭಾರತದ ಹೆಂಗಸಿನ ಕಥೆಯನ್ನು ಹೆಂಡತಿಯ ಬಾಯಿಂದ ಕೇಳಿದಾಗ ಮಾತ್ರ ಅವನು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದ: ಈ ಕಾಡಿನಲ್ಲಿ ಇನ್ನೆಷ್ಟು ದಿನ ಇರುತ್ತೀಯ ಎಂದು ಕೇಳಿದ್ದ. ಈ ನಾಟಕ ಆಡಿಸುವವರು ಈ ಎರಡು ಜಾಗಗಳನ್ನು ಜೊತೆಗಿಟ್ಟು ಓದಬೇಕು. ಹರಕೆ ಹೇಳುವ ಓಬೆರಾನ್ ಟೈಟಾನಿಯಾಳ ಕಡೆ ನೋಡುತ್ತಾ ಹೇಳಬೇಕೋ, ಪ್ರೇಕ್ಷಕರ ಕಡೆಗೋ ಅನ್ನುವುದನ್ನು ಅಲ್ಲಿ ತೀರ್ಮಾನಿಸಬೇಕು. ನಾನಾದರೆ ಅವಳ ಕಡೆ ತಿರುಗಿಸುತ್ತೇನೆ.